ಒಬ್ಬರೇ ಉಣ್ಣುವಾಗ ಮೊಬೈಲನ್ನು ಜೊತೆಗಿಟ್ಟುಕೊಳ್ಳುವ ಬಗೆ

“ಮನ್ಯಾಗ ಒಬ್ಬನೇ ಇರ್ತೀನ್ರಿ. ಮೊಬೈಲ್ ಹಚ್ಚದಿದ್ರ ತುತ್ತು ಇಳಿಯಂಗಿಲ್ಲ. ಇದು ತಪ್ಪೇನ್ರಿ?”

ಮಾತು ಬೇರೆ ಬೇರೆ ಇರಬಹುದು, ಪ್ರಶ್ನೆ ಇದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಶಿಫ್ಟ್ ಹೋಗುವ ಹುಡುಗರು ಕೇಳುತ್ತಾರೆ. ಶಕ್ತಿನಗರದ ಕ್ವಾರ್ಟರ್ಸಿನವರು, ರಾಯಚೂರಿಗೆ ವರ್ಗವಾಗಿ ಬಂದ ಬ್ಯಾಂಕಿನವರು, ಬಳ್ಳಾರಿಯಲ್ಲಿ ಬಾಡಿಗೆ ಕೋಣೆ ಹಿಡಿದ ನರ್ಸುಗಳು ಕೇಳುತ್ತಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಕೊಪ್ಪಳದ ಕಡೆಯ ಹಳ್ಳಿಮನೆಯಲ್ಲಿ ಒಬ್ಬರೇ ಉಳಿದಿರುವ ಅವ್ವ–ಅಪ್ಪಂದಿರ ಪರವಾಗಿ ಆ ಮಕ್ಕಳೂ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ತಪ್ಪಲ್ಲ. ಮೊಬೈಲ್ ಬಿಟ್ಟು ಉಣ್ಣಿ ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಖಾಲಿ ಮನೆಯಲ್ಲಿ ಗೋಡೆ ನೋಡುತ್ತ ಉಣ್ಣುವ ಸಂಕಟಕ್ಕೆ ಅದು ಉತ್ತರವಲ್ಲ. ಜೊತೆಯಿಲ್ಲವೆಂದು ಊಟವನ್ನೇ ಬಿಟ್ಟು, ಚಹಾ–ಬಿಸ್ಕತ್ತಿನಲ್ಲಿ ರಾತ್ರಿ ಕಳೆಯುವವರನ್ನು ನಾನು ಬಲ್ಲೆ. ಅದಕ್ಕಿಂತ ಮೊಬೈಲ್ ಹಚ್ಚಿಕೊಂಡು ಎರಡು ರೊಟ್ಟಿ ಉಣ್ಣುವುದು ಎಷ್ಟೋ ಮೇಲು.

ಒಂದು ಮಾತನ್ನು ಮಾತ್ರ ಮೊದಲೇ ತಿಳಿದುಕೊಳ್ಳಿ. ನಮ್ಮ ಕಡೆ ಒಬ್ಬರೇ ಉಂಡರೂ ಎದುರಿಗೆ ಯಾರಾದರೂ ಕೂತಿರುತ್ತಿದ್ದರು. ಹೊಲದಿಂದ ತಡವಾಗಿ ಬಂದವರಿಗೆ ಬಡಿಸಿ, ಗೋಡೆಗೊರಗಿ ಕೂತ ಅವ್ವ ಎರಡು ಕೆಲಸ ಮಾಡುತ್ತಿದ್ದಳು. ಮಾತಾಡುತ್ತಿದ್ದಳು, ತಾಟನ್ನೂ ನೋಡುತ್ತಿದ್ದಳು. “ಪಲ್ಯ ಮುಟ್ಟೇ ಇಲ್ಲಲ್ಲ”, “ಸಾಕು, ಮಜ್ಜಿಗಿ ಕುಡಿ” ಎನ್ನುತ್ತಿದ್ದಳು. ಮೊಬೈಲ್ ಮೊದಲನೆಯ ಕೆಲಸ ಮಾಡುತ್ತದೆ. ಎರಡನೆಯದು ಅದಕ್ಕೆ ಬರುವುದಿಲ್ಲ. ಸಾಲದ್ದಕ್ಕೆ, ತಾಟು ನೋಡುವ ನಿಮ್ಮ ಕಣ್ಣನ್ನೂ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ತೋರಿಸಿತು. ಎರಡು ಗುಂಪಿಗೂ ಒಂದೇ ಅಳತೆಯ ಊಟ. ಒಂದು ಗುಂಪು ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತ ಉಂಡಿತು, ಇನ್ನೊಂದು ಸುಮ್ಮನೆ ಉಂಡಿತು. ಆಡುತ್ತ ಉಂಡವರಿಗೆ ಹೊಟ್ಟೆ ತುಂಬಿದ ಅನುಭವ ಕಡಿಮೆ, ಏನೇನು ಯಾವ ಕ್ರಮದಲ್ಲಿ ಉಂಡೆವೆಂಬ ನೆನಪೂ ಮಸುಕು. ಅರ್ಧ ತಾಸು ಕಳೆದು ಬಿಸ್ಕತ್ತು ಇಟ್ಟಾಗ ಇವರೇ ಹೆಚ್ಚು ತಿಂದರು. ಉಂಡದ್ದು ಹೊಟ್ಟೆಗೆ ಮಾತ್ರವಲ್ಲ, ನೆನಪಿಗೂ ಹೋಗಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಬಡಿಸುವವರ ಆ ಎರಡನೆಯ ಕೆಲಸವನ್ನು ನಾವೇ ಮಾಡಿಕೊಳ್ಳುವುದಕ್ಕೆ.

ಬೇಕಾಗುವುದು

ಹೊಸದೇನೂ ಕೊಳ್ಳಬೇಕಿಲ್ಲ. ಮೊಬೈಲ್ ಅಥವಾ ಟ್ಯಾಬ್ಲೆಟ್ (ಅಂಗೈಗಿಂತ ದೊಡ್ಡ ಪರದೆಯ, ಸ್ಲೇಟಿನಂಥ ಸಾಧನ), ಅದನ್ನು ನಿಲ್ಲಿಸಲು ಒಂದು ಸ್ಟ್ಯಾಂಡ್, ಅಂಚಿರುವ ಅಗಲ ತಾಟು, ಎರಡು ಬಟ್ಟಲು, ಒಂದು ತಂಬಿಗೆ ನೀರು, ಒಣ ಬಟ್ಟೆ. ಸ್ಟ್ಯಾಂಡ್ ಇಲ್ಲದಿದ್ದರೆ ಅಗಲ ಬಾಯಿಯ ಡಬ್ಬಿಯಲ್ಲಿ ಅರ್ಧದವರೆಗೆ ಅಕ್ಕಿ ತುಂಬಿ ಮೊಬೈಲನ್ನು ಅದರಲ್ಲಿ ಓರೆಯಾಗಿ ನಿಲ್ಲಿಸಿ, ಅಲುಗುವುದಿಲ್ಲ. ಚಾರ್ಜಿಂಗ್ ತೂತಿಗೆ ಅಕ್ಕಿ ನುಗ್ಗದಂತೆ ಕೆಳಗೊಂದು ಬಟ್ಟೆ ಸುತ್ತಿರಿ.

ಹಂತ 1: ಏನು ಹಚ್ಚುವುದೆಂದು ಒಲೆ ಹೊತ್ತಿಸುವ ಮೊದಲೇ ತೀರ್ಮಾನಿಸಿ

ಎಲ್ಲರೂ ಎಡವುವುದು ಇಲ್ಲೇ. ತಾಟು ಹಚ್ಚಿಕೊಂಡು ಕೂತ ಮೇಲೆ “ಏನು ನೋಡಲಿ” ಎಂದು ಬೆರಳಾಡಿಸಲು ಶುರುಮಾಡುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಬಿಸಿ ರೊಟ್ಟಿ ಆರಿ ಚರ್ಮದಂತಾಗುತ್ತದೆ, ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟುತ್ತದೆ. ಕೊನೆಗೆ ಏನೂ ಸಿಗದೆ ಹೋದ ವಾರ ನೋಡಿದ್ದನ್ನೇ ಮತ್ತೆ ಹಚ್ಚುತ್ತಾರೆ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡು ವಿಡಿಯೊ ಹುಡುಕುತ್ತ ಕೂತರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಕಣ್ಣು ಕತ್ತಲೆ ಬರಬಹುದು.

ಯೂಟ್ಯೂಬಿನಲ್ಲಿ ‘ವಾಚ್ ಲೇಟರ್’ ಎಂಬ ಪಟ್ಟಿ ಇದೆ. ಆಮೇಲೆ ನೋಡಲೆಂದು ವಿಡಿಯೊ ಎತ್ತಿಡುವ ಜಾಗ ಅದು. ಭಾನುವಾರ ಒಮ್ಮೆ ಕೂತು, ವಾರಕ್ಕೆ ಬೇಕಾದ ಏಳೆಂಟನ್ನು ಅದಕ್ಕೆ ಸೇರಿಸಿಡಿ. ಮನೆಯಲ್ಲಿ ನೆಟ್‌ವರ್ಕ್ ಕಣ್ಣುಮುಚ್ಚಾಲೆ ಆಡುವುದಿದ್ದರೆ ಎರಡು ಮೂರನ್ನು ಡೌನ್‌ಲೋಡ್ ಮಾಡಿಕೊಳ್ಳಿ.

ಉದ್ದ ಮುಖ್ಯ. ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಊಟಕ್ಕೆ ಎರಡೂವರೆ ತಾಸಿನ ಸಿನಿಮಾ ಹಚ್ಚಿದರೆ ನಡುವೆ ಎದ್ದು ಹೋಗಲು ಮನಸ್ಸಾಗದು. ರೀಲ್ಸ್, ಶಾರ್ಟ್ಸ್‌ನಂಥ ಚಿಟಿಕೆ ವಿಡಿಯೊಗಳು ಅದಕ್ಕಿಂತ ಕೆಟ್ಟವು, ಏಕೆಂದರೆ ಅವಕ್ಕೆ ಕೊನೆಯೇ ಇಲ್ಲ. ಪ್ರತಿ ಅರ್ಧ ನಿಮಿಷಕ್ಕೆ ಬೆರಳು ಬೇಡುತ್ತವೆ, ಬೆರಳೋ ಪಲ್ಯದಲ್ಲಿರುತ್ತದೆ. ಊಟದ ಹೊತ್ತಿಗೆ ಅವು ಬೇಡವೇ ಬೇಡ. ಹದಿನೈದರಿಂದ ಇಪ್ಪತ್ತೈದು ನಿಮಿಷದ, ತಾನಾಗಿಯೇ ಮುಗಿಯುವ ಒಂದನ್ನು ಆರಿಸಿ.

ನನ್ನನ್ನು ಕೇಳಿದರೆ, ನೋಡುವುದಕ್ಕಿಂತ ಕೇಳುವುದು ಒಳ್ಳೆಯದು. ಕಿವಿ ಮೊಬೈಲಿಗೆ ಹೋದರೂ ಕಣ್ಣು ತಾಟಿನ ಮೇಲೇ ಉಳಿಯುತ್ತದೆ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಆಕಾಶವಾಣಿ ಕೇಳಬಹುದು, ದುಡ್ಡಿಲ್ಲ. ಪಾಡ್‌ಕಾಸ್ಟ್ (ಬೇಕಾದಾಗ ಕೇಳಬಹುದಾದ ಮಾತಿನ ಸರಣಿ), ಹರಟೆ, ಹಳೆಯ ನಾಟಕ, ವಚನಗಾಯನ ಯಾವುದೂ ಆಗಬಹುದು. ಮನುಷ್ಯರ ದನಿ ಇದ್ದರೆ ಸಾಕು. ಟಿವಿಯ ಕೂಗಾಟದ ಚರ್ಚೆಯನ್ನು ಮಾತ್ರ ದೂರವಿಡಿ. ಬೇರೆಯವರ ಜಗಳ ಕೇಳುತ್ತ ಉಂಡ ಅನ್ನ ಮೈಗೆ ಹತ್ತುವುದಿಲ್ಲವೆಂದು ಹಿರಿಯರು ಬಯ್ಯುತ್ತಿದ್ದುದು ಸುಮ್ಮನಲ್ಲ.

‘ಮುಕ್‌ಬಾಂಗ್’ ನೋಡಬಹುದೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಒಬ್ಬರು ಕ್ಯಾಮೆರಾ ಮುಂದೆ ಕೂತು ಉಣ್ಣುವುದನ್ನು ನಾವು ನೋಡುವ ವಿಡಿಯೊಗಳಿಗೆ ಆ ಹೆಸರು. ಕೊರಿಯನ್ ಭಾಷೆಯ ‘ಉಣ್ಣುವ’ ಮತ್ತು ‘ಪ್ರಸಾರ’ ಎಂಬ ಎರಡು ಪದಗಳ ಜೋಡಣೆ ಅದು. 2010ರ ಸುಮಾರಿಗೆ ದಕ್ಷಿಣ ಕೊರಿಯಾದಲ್ಲಿ ಶುರುವಾಯಿತು. ಒಬ್ಬರೇ ಉಣ್ಣುವುದಕ್ಕೆ ಅಲ್ಲಿ ‘ಹೊನ್‌ಬಾಪ್’ ಎಂಬ ಪದವೇ ಹುಟ್ಟಿದೆ. ಎದುರಿಗೆ ಇನ್ನೊಬ್ಬರು ಉಣ್ಣುತ್ತಿದ್ದಾರೆಂಬ ಸಮಾಧಾನ ಅದರಿಂದ ಸಿಗುವುದು ನಿಜ. ಆದರೆ ಅಂಥ ಬಹಳಷ್ಟು ವಿಡಿಯೊಗಳಲ್ಲಿ ಒಬ್ಬರ ಮುಂದೆ ನಾಲ್ಕು ಜನರ ಊಟ ಇರುತ್ತದೆ. ಅವರ ತಾಟು ನೋಡಿ ನಿಮ್ಮ ತಾಟಿನ ಅಳತೆ ತಪ್ಪಬಾರದು. ನೋಡಲೇಬೇಕೆಂದರೆ ಹಳ್ಳಿಮನೆಯ ಸಾದಾ ಊಟ ತೋರಿಸುವವರನ್ನು ಹುಡುಕಿಕೊಳ್ಳಿ.

ಹಂತ 2: ಮೊಬೈಲಿನ ಬಾಯಿ ಕಟ್ಟಿ

ಮೂರು ಬದಲಾವಣೆ ಸಾಕು, ಒಮ್ಮೆ ಮಾಡಿಟ್ಟರೆ ಆಯಿತು.

ಮೊದಲನೆಯದು ಆಟೋಪ್ಲೇ. ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನೇ ಶುರುವಾಗುವ ಏರ್ಪಾಡು ಇದು. ಯೂಟ್ಯೂಬಿನಲ್ಲಿ ವಿಡಿಯೊ ಓಡುವಾಗ ಪರದೆ ಮುಟ್ಟಿದರೆ ಮೇಲ್ಭಾಗದಲ್ಲಿ ಅದರ ಗುಂಡಿ ಕಾಣುತ್ತದೆ, ಆರಿಸಿಬಿಡಿ. ವಿಡಿಯೊ ಮುಗಿದಾಗ ಮನೆ ಒಮ್ಮೆ ನಿಶ್ಶಬ್ದವಾಗಬೇಕು. ‘ಸಾಕಾ, ಇನ್ನೂ ಬೇಕಾ’ ಎಂದು ಎದುರಿಗೆ ಕೂತವರು ಕೇಳುತ್ತಿದ್ದ ಗಳಿಗೆ ಅದು.

ಎರಡನೆಯದು ‘ಡು ನಾಟ್ ಡಿಸ್ಟರ್ಬ್’, ಅಂದರೆ ಕರೆ–ಮೆಸೇಜುಗಳ ಸದ್ದು ತಡೆಯುವ ಸ್ಥಿತಿ. ಆಸ್ಪತ್ರೆ, ಕಾರ್ಖಾನೆಯಿಂದ ಕರೆ ಬರಬಹುದಾದವರು ಇದಕ್ಕೆ ಅಂಜುತ್ತಾರೆ. ಅಂಜಬೇಡಿ. ಆಯ್ದ ಕೆಲವರ ಕರೆ ಮಾತ್ರ ಒಳಬಿಡುವ ಅವಕಾಶ ಅದರಲ್ಲೇ ಇದೆ. ಮನೆಯವರು, ಸೂಪರ್‌ವೈಸರ್, ಪಕ್ಕದ ಮನೆಯವರನ್ನು ಸೇರಿಸಿ. ಯಾರೇ ಆಗಲಿ ಬೆನ್ನುಬೆನ್ನಿಗೆ ಎರಡನೆಯ ಸಲ ಕರೆ ಮಾಡಿದರೆ ಬಿಡುವ ಆಯ್ಕೆಯೂ ಇದೆ, ಅದನ್ನೂ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ ಮತ್ತೆ ಬಂದ ಕರೆ ಒಳಗೆ ಬರುತ್ತದೆ.

ಮೂರನೆಯದು, ಒಂದರಿಂದ ಇನ್ನೊಂದಕ್ಕೆ ಹಾರುವ ಚಟ ಇರುವವರಿಗೆ. ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಇರುತ್ತದೆ. ಮೊಬೈಲನ್ನು ಒಂದೇ ಆ್ಯಪಿಗೆ ಕಟ್ಟಿಹಾಕುವ ಗೂಟ ಎನ್ನಿ. ಐಫೋನಿನಲ್ಲಿ ಇದಕ್ಕೆ ‘ಗೈಡೆಡ್ ಆ್ಯಕ್ಸೆಸ್’ ಎನ್ನುತ್ತಾರೆ. ಡ್ಯೂಟಿ ಕರೆಗೆ ಕಾಯುವವರು ಪಿನ್ ಮಾಡಿದ ಮೇಲೆ ಇನ್ನೊಂದು ಫೋನಿನಿಂದ ಕರೆ ಮಾಡಿ, ಸರಿಯಾಗಿ ಬರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಹಂತ 3: ಎಲ್ಲಿ ಇಡಬೇಕು

ನೆಲದ ಮೇಲೆ ಕೂತು ಉಣ್ಣುವವರು ಮೊಬೈಲನ್ನು ನೀರಿನ ತಂಬಿಗೆಗೆ ಆನಿಸುತ್ತಾರೆ. ನೀರು ಕುಡಿಯಲು ತಂಬಿಗೆ ಎತ್ತಿದಾಗ ಮೊಬೈಲ್ ನೇರ ಸಾರಿನ ಬಟ್ಟಲಿಗೆ. ಇದು ಎಷ್ಟು ಮನೆಗಳಲ್ಲಿ ಆಗಿದೆಯೋ ಲೆಕ್ಕವಿಲ್ಲ. ‘ವಾಟರ್‌ಪ್ರೂಫ್’ ಎಂದು ನೆಚ್ಚಬೇಡಿ. ಆ ಪರೀಕ್ಷೆ ನಡೆಯುವುದು ನೀರಿನಲ್ಲಿ, ಎಣ್ಣೆ–ಖಾರ ತೇಲುವ ಬಿಸಿ ಸಾರಿನಲ್ಲಲ್ಲ.

ಇನ್ನೊಂದು ತೊಂದರೆ ಕುತ್ತಿಗೆಯದು. ನೆಲದ ಮೇಲಿಟ್ಟ ಪರದೆ ನೋಡಲು ತಲೆ ಪೂರ್ತಿ ಬಗ್ಗುತ್ತದೆ. ಎದುರಿಗೆ ಸ್ಟೂಲ್ ಇಟ್ಟು ಅದರ ಮೇಲೆ ಮೊಬೈಲ್ ನಿಲ್ಲಿಸಿ, ಒಂದು ತೋಳಿನಷ್ಟು ದೂರದಲ್ಲಿ. ದೂರವಿದ್ದರೆ ಇನ್ನೊಂದು ಲಾಭ, ಎಡಗೈ ಸುಮ್ಮನೆ ಅದರ ಕಡೆ ಹೋಗುವುದಿಲ್ಲ.

ಬಿಸಿಲನ್ನು ಮರೆಯಬೇಡಿ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಿ ಎಂದು ಅದರ ಕಂಪನಿಯೇ ಹೇಳುತ್ತದೆ. ನಮ್ಮ ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ದಾಟುವುದು ಹೊಸದಲ್ಲ. ತಗಡಿನ ಮನೆಯೊಳಗೆ, ಒಲೆಯ ಪಕ್ಕ, ಚಾರ್ಜಿಗೆ ಹಾಕಿ, ದಪ್ಪ ಕವರಿನೊಳಗೆ ವಿಡಿಯೊ ಓಡಿಸಿದರೆ ಪರದೆ ತಾನೇ ಮಂಕಾಗುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ಬೇಸಿಗೆಯಲ್ಲಿ ಚಾರ್ಜ್ ಮೊದಲೇ ಮುಗಿಸಿ, ಉಣ್ಣುವಾಗ ವೈರ್ ಕಿತ್ತಿಡಿ. ಎಂಜಲು ಒದ್ದೆಗೈಯಲ್ಲಿ ಚಾರ್ಜರಿನ ಪ್ಲಗ್ ಮುಟ್ಟುವ ಪ್ರಸಂಗವೂ ತಪ್ಪುತ್ತದೆ.

ಇಯರ್‌ಫೋನ್ ಬೇಡ. ಖಡಕ್ ರೊಟ್ಟಿ ಕಡಿದು ನೋಡಿ, ಗೊತ್ತಾಗುತ್ತದೆ. ಕಿವಿಯ ಬಾಯಿ ಮುಚ್ಚಿದಾಗ ಅಗಿಯುವ ಸದ್ದು ಎಲುಬಿನ ಮೂಲಕ ಬಂದು ಒಳಗೇ ಸಿಕ್ಕಿಕೊಂಡು ಗುಡುಗಿನಂತೆ ಕೇಳುತ್ತದೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತೀರಿ, ಕಿವಿಗೆ ಪೆಟ್ಟು. ಕುಕ್ಕರ್ ಸೀಟಿ, ಬಾಗಿಲು ಬಡಿದ ಸದ್ದು ಕೇಳಿಸುವುದೂ ಇಲ್ಲ. ಸ್ಪೀಕರಿನಲ್ಲೇ ಹಚ್ಚಿ. ಗೋಡೆ ಹಂಚಿಕೊಂಡ ಕೋಣೆಯಾದರೆ ಒಂದೇ ಕಿವಿಗೆ ಹಾಕಿಕೊಳ್ಳಿ.

ಪರದೆಯೇ ಬೇಡ, ಆದರೆ ಎದುರು ಖಾಲಿ ಅನ್ನಿಸಬಾರದು ಎನ್ನುವವರು ಒಮ್ಮೆ ಕನ್ನಡಿ ಇಟ್ಟುಕೊಂಡು ಉಣ್ಣಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡಿ ನೋಡುತ್ತ ಒಬ್ಬರೇ ಪಾಪ್‌ಕಾರ್ನ್ ತಿಂದವರಿಗೆ ಅದು ಹೆಚ್ಚು ರುಚಿ ಎನ್ನಿಸಿತು. ಹೆಚ್ಚು ತಿಂದರು ಕೂಡ, ಆದ್ದರಿಂದ ಮುಂದಿನ ಹಂತ ಇಲ್ಲಿಯೂ ಬೇಕು.

ಹಂತ 4: ಎಲ್ಲವನ್ನೂ ಒಮ್ಮೆಗೇ ಬಡಿಸಿಕೊಳ್ಳಿ

ಬಡಿಸುವವರಿಲ್ಲದ ಊಟದಲ್ಲಿ ಅಳತೆ ಹಿಡಿಯುವ ಹೊತ್ತು ಇದೊಂದೇ. ರೊಟ್ಟಿ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು, ನೋಡನೋಡುತ್ತ ಒಂದೊಂದೇ ತೆಗೆದು ತಿಂದರೆ ಎಷ್ಟಾಯಿತೆಂದು ದೇವರಿಗೇ ಗೊತ್ತು. ಖಡಕ್ ರೊಟ್ಟಿಯಲ್ಲಂತೂ ಈ ಮೋಸ ಜಾಸ್ತಿ. ತೆಳ್ಳಗೆ, ಹಗುರಾಗಿ ಇರುವುದರಿಂದ ಐದಾರು ಹೋದರೂ ಕೈಗೆ ಗೊತ್ತಾಗುವುದಿಲ್ಲ. ಎರಡೋ ಮೂರೋ, ಎಣಿಸಿ ತಾಟಿಗೆ ಹಾಕಿ, ಡಬ್ಬಿ ಮುಚ್ಚಿ ಒಳಗಿಟ್ಟು ಬನ್ನಿ.

ಖಾನಾವಳಿಯಿಂದ ಪಾರ್ಸಲ್ ತರುವವರು ಪ್ಲಾಸ್ಟಿಕ್ ಚೀಲ ಹರಿದು ಅದರಲ್ಲೇ ಉಣ್ಣುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಲ್ಯವನ್ನು ಬಟ್ಟಲಿಗೆ ಸುರಿದು, ಶೇಂಗಾ ಹಿಂಡಿಯನ್ನು ತಾಟಿನ ಅಂಚಿಗೆ ಹಾಕಿ, ಅದರ ಮೇಲೊಂದು ಚಮಚ ಮೊಸರು ಬಿಟ್ಟು, ಒಂದು ಉಳ್ಳಾಗಡ್ಡಿ ಹೆಚ್ಚಿಕೊಂಡು ಕೂಡಿ. ಎರಡು ನಿಮಿಷದ ಕೆಲಸ. ಒಬ್ಬರಿಗಾಗಿ ಇಷ್ಟೆಲ್ಲ ಯಾಕೆ ಅನ್ನಿಸುತ್ತದೆ, ನನಗೂ ಅನ್ನಿಸುತ್ತಿತ್ತು. ಆ ಒಬ್ಬರು ನೀವೇ ಅಲ್ಲವೇ? ಮನೆಗೆ ಬಂದ ಬೀಗರಿಗೆ ಚೀಲದಲ್ಲಿ ಊಟ ಕೊಡುತ್ತೀರಾ?

ಹಸಿರು ಇರುವುದನ್ನು, ಅಂದರೆ ಪುಂಡಿಪಲ್ಯ, ಮೆಂತ್ಯೆ, ಸೌತೆಕಾಯಿಯನ್ನು ಬಲಗೈಗೆ ಹತ್ತಿರ ಇಟ್ಟುಕೊಳ್ಳಿ. ಕಣ್ಣು ಬೇರೆಡೆ ಇದ್ದಾಗ ಕೈ ಹತ್ತಿರವಿದ್ದುದಕ್ಕೇ ಹೋಗುತ್ತದೆ.

ಹಂತ 5: ಮೊದಲ ಐದು ತುತ್ತು ಸುಮ್ಮನೆ ಉಣ್ಣಿ

ಕೂತು, ನೀರು ಗುಟುಕರಿಸಿ, ಐದು ತುತ್ತು ಆದಮೇಲೆ ವಿಡಿಯೊ ಶುರುಮಾಡಿ. ಉಪ್ಪು ಸರಿಯಿದೆಯೇ, ಬದನೆಕಾಯಿ ಬೆಂದಿದೆಯೇ, ನಿನ್ನೆಯ ಸಾರು ಹಳಸಿದೆಯೇ ಎಂದು ನಾಲಿಗೆ ಹೇಳುವುದು ಆ ಐದರಲ್ಲೇ. ನಮ್ಮ ಬೇಸಿಗೆಯಲ್ಲಿ ಮುಂಜಾನೆಯ ಅಡುಗೆ ರಾತ್ರಿಯವರೆಗೆ ಹೊರಗಿದ್ದರೆ ಕೆಡುತ್ತದೆ. ಪರದೆಗೆ ಕಣ್ಣು ನೆಟ್ಟು ಹಳಸಿದ್ದನ್ನು ಅರ್ಧ ಉಂಡ ಮೇಲೆ ಗೊತ್ತಾದರೆ ಏನು ಫಲ?

ಮೊದಲ ರೊಟ್ಟಿ ಮುಗಿದು ಅನ್ನಕ್ಕೆ ಬರುವಾಗ ಇನ್ನೊಮ್ಮೆ ವಿಡಿಯೊ ನಿಲ್ಲಿಸಿ ತಾಟು ನೋಡಿ. ಎಡಗೈ ಮೊಬೈಲ್ ಮುಟ್ಟುವುದು ಈ ಎರಡು ಸಲ ಮಾತ್ರ.

ಹಂತ 6: ನೆತ್ತಿಗೇರಿದರೆ

ಒಬ್ಬರೇ ಇರುವವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಗಮನವಿಟ್ಟು ಓದಿ. ನಗೆ ವಿಡಿಯೊ ನೋಡುತ್ತ ಬಾಯಿತುಂಬ ತುತ್ತು ಇಟ್ಟುಕೊಂಡು ನಕ್ಕರೆ ಆಹಾರ ಗಾಳಿಕೊಳವೆಗೆ ಹೋಗಬಹುದು. ಒಣ ರೊಟ್ಟಿ, ಶೇಂಗಾ, ಮಂಡಕ್ಕಿ ಇದರಲ್ಲಿ ಮುಂದು. ನಗು ಬಂದರೆ ಮೊದಲು ನುಂಗಿ, ಆಮೇಲೆ ನಗಿ.

ಕೆಮ್ಮಲು, ಮಾತಾಡಲು ಆಗುತ್ತಿದ್ದರೆ ಜೋರಾಗಿ ಕೆಮ್ಮುತ್ತಲೇ ಇರಿ, ಅದೇ ಮದ್ದು. ಗಂಟಲು ಪೂರ್ತಿ ಕಟ್ಟಿ ಸದ್ದೇ ಹೊರಡದಿದ್ದರೆ ನೀರು ಕುಡಿಯಬೇಡಿ. ಮೊಬೈಲ್ ಎದುರಿಗೇ ಇದೆ, 112ಕ್ಕೆ ಕರೆ ಹಚ್ಚಿ ಸ್ಪೀಕರಿಗೆ ಹಾಕಿ, ಮಾತಾಡಲು ಆಗದಿದ್ದರೂ ಕಟ್ ಮಾಡಬೇಡಿ. ಒಂದು ಕೈ ಮುಷ್ಟಿ ಮಾಡಿ ಹೊಕ್ಕುಳಿನ ಸ್ವಲ್ಪ ಮೇಲೆ, ಎದೆಗೂಡಿನ ಕೆಳಗೆ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೆ–ಮೇಲಕ್ಕೆ ಜೋರಾಗಿ ಒತ್ತಿ. ಬಲ ಸಾಲದಿದ್ದರೆ ಅದೇ ಜಾಗವನ್ನು ಕುರ್ಚಿಯ ಬೆನ್ನಿಗೋ ಕಟ್ಟೆಯ ಅಂಚಿಗೋ ಆನಿಸಿ ಮೈಭಾರ ಹಾಕಿ ಒತ್ತಿ. ಸಿಕ್ಕಿದ್ದು ಹೊರಬರುವವರೆಗೆ ಬಿಡಬೇಡಿ. ಅಷ್ಟರಲ್ಲಿ ಬಾಗಿಲವರೆಗೆ ಹೋಗಲು ಸಾಧ್ಯವಾದರೆ ಚಿಲಕ ತೆಗೆದು ಹೊರಗೆ ಬನ್ನಿ, ಯಾರ ಕಣ್ಣಿಗಾದರೂ ಬೀಳಬೇಕು. ಹೀಗೆ ಹೊಟ್ಟೆ ಒತ್ತಿಕೊಂಡವರು ಆಮೇಲೆ ಆರಾಮ ಅನ್ನಿಸಿದರೂ ವೈದ್ಯರಿಗೆ ತೋರಿಸಲೇಬೇಕು, ಒಳಗೆ ಪೆಟ್ಟಾಗಿರಬಹುದು.

ಹಂತ 7: ಕೈ ಒಣಗುವ ಮೊದಲು ಏಳಿ

ಊಟ ಮುಗಿದಿದೆ, ವಿಡಿಯೊ ಮುಗಿದಿಲ್ಲ. ಬೆರಳಿಗೆ ಅಂಟಿದ ಅನ್ನ ಒಣಗಿ ಗಟ್ಟಿಯಾಗುವವರೆಗೆ ಕೂತಿರುತ್ತೀರಿ. ತಾಟಿನಲ್ಲಿ ಹಿಂಡಿ ಒಣಗಿ ಹಿಡಿಯುತ್ತದೆ, ತೊಳೆಯಲು ಬೇಜಾರು, ನಾಳೆಗೆ ಬಿಡುತ್ತೀರಿ. ಮರುದಿನ ಆ ಎಂಜಲು ತಾಟು ನೋಡಿದಾಗ ಅಡುಗೆ ಮಾಡುವ ಮನಸ್ಸೇ ಹೋಗುತ್ತದೆ. ಒಬ್ಬರೇ ಇರುವವರ ಅಡುಗೆ ನಿಲ್ಲುವುದು ಹೀಗೆ, ಒಲೆಯಿಂದಲ್ಲ, ಬಚ್ಚಲಿನಿಂದ. ಮಜ್ಜಿಗೆ ಕುಡಿದೊಡನೆ ವಿಡಿಯೊ ನಿಲ್ಲಿಸಿ ಏಳಿ. ಬಾಕಿ ಉಳಿದದ್ದನ್ನು ಪಾತ್ರೆ ತೊಳೆಯುತ್ತ ಕೇಳಿ.

ಪರದೆ ಒರೆಸಲು ಒದ್ದೆಯಲ್ಲದ, ತುಸು ತೇವದ ಮೆತ್ತನೆ ಬಟ್ಟೆ ಸಾಕು. ದ್ರವವನ್ನು ನೇರ ಮೊಬೈಲಿನ ಮೇಲೆ ಸಿಂಪಡಿಸಬೇಡಿ.

ರಾತ್ರಿ ಶಿಫ್ಟಿನವರಿಗೆ

ಬೆಳಗ್ಗೆ ಮನೆಗೆ ಬಂದು ಉಂಡು ಮಲಗುವವರು ಪರದೆಯನ್ನು ಬೋರಲು ಹಾಕಿ, ದನಿ ಮಾತ್ರ ಕೇಳಿ. ಕಣ್ಣಿಗೆ ಬೆಳಕು ಬಿದ್ದಷ್ಟೂ ನಿದ್ದೆ ದೂರ ಓಡುತ್ತದೆ. ಎಣ್ಣೆಯ ಒಗ್ಗರಣೆ–ಮಿರ್ಚಿ ತಿಂದು ಮಲಗಿದರೆ ಎದೆ ಉರಿಯುವುದು ಬೇರೆ. ಆ ಹೊತ್ತಿಗೆ ಮೊಸರನ್ನವೇ ಹಿತ.

ಇನ್ನೊಂದು ಮಾತು. ವಾರಗಟ್ಟಲೆ ಹಸಿವೇ ಆಗದಿದ್ದರೆ, ಮೊಬೈಲ್ ಹಚ್ಚಿದರೂ ತುತ್ತು ಇಳಿಯದಿದ್ದರೆ, ಯಾರ ದನಿಯೂ ಬೇಡವೆನಿಸಿದರೆ ಅದು ಊಟದ ತೊಂದರೆಯಲ್ಲ. ಮನಸ್ಸಿನ ತೊಂದರೆಗೆಂದೇ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 2022ರಿಂದ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಸಂಕೋಚ ಬೇಡ.

ಹಂತ 8: ವಾರಕ್ಕೊಮ್ಮೆ ಎರಡು ಮನೆ, ಒಂದು ಪಂಕ್ತಿ

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಗೊತ್ತು. ಊರೂರಿನಿಂದ ರೊಟ್ಟಿ ಬಂದು ರಾಶಿ ಬಿದ್ದಿರುತ್ತದೆ, ದಾಸೋಹದಲ್ಲಿ ಗುರುತಿಲ್ಲದವರ ಮಗ್ಗುಲಲ್ಲಿ ಕೂತು ಉಂಡದ್ದು ಮನೆಯ ಊಟಕ್ಕಿಂತ ರುಚಿ ಅನ್ನಿಸುತ್ತದೆ. ಅದರ ಒಂದು ಎಳೆಯನ್ನು ಮೊಬೈಲಿನಲ್ಲಿ ತಂದುಕೊಳ್ಳಬಹುದು.

ವಾರದ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಶಿಫ್ಟ್ ಬದಲಾದರೆ ದಿನವೂ ಬದಲಾಗಲಿ. ವಾಟ್ಸ್ಯಾಪ್ ವಿಡಿಯೊ ಕರೆಯಲ್ಲಿ 32 ಜನರವರೆಗೆ ಸೇರಬಹುದು, ಆದರೆ ಊಟಕ್ಕೆ ಮೂರು ನಾಲ್ಕು ಮನೆ ಸಾಕು, ಹೆಚ್ಚಾದರೆ ಗದ್ದಲ. ಊರಲ್ಲಿರುವ ಹಿರಿಯರಿಗೆ ಕರೆ ನೀವೇ ಮಾಡಿ, ಅವರು ಹಸಿರು ಗುಂಡಿ ಎಳೆದರೆ ಸಾಕು ಎಂಬಂತಿರಲಿ. ಅವರ ಮೊಬೈಲಿಗೂ ಅಕ್ಕಿ ಡಬ್ಬಿಯ ಸ್ಟ್ಯಾಂಡ್ ಮಾಡಿಟ್ಟು ಬನ್ನಿ, ಕೈಯಲ್ಲಿ ಹಿಡಿದು ಉಣ್ಣುವುದು ಆಗದ ಕೆಲಸ. ಅವರ ಪಕ್ಕದ ಮನೆಯವರ ನಂಬರ್ ನಿಮ್ಮ ಬಳಿ, ನಿಮ್ಮ ಪಕ್ಕದವರದು ಅವರ ಬಳಿ ಇರಲಿ. ಕರೆಯ ನಡುವೆ ಯಾರಿಗಾದರೂ ನೆತ್ತಿಗೇರಿದರೆ ಓಡಿಬರಲು ಒಬ್ಬರು ಬೇಕಲ್ಲ.

ಬಹಳ ಜನ ಇಲ್ಲಿ ಮಾಡುವ ತಪ್ಪು ಒಂದೇ. ಕ್ಯಾಮೆರಾದಲ್ಲಿ ಬರೀ ಮುಖ ಕಾಣುವಂತೆ ಇಟ್ಟುಕೊಂಡು “ಊಟ ಆತಾ?” “ಆತು” ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮೊಬೈಲನ್ನು ಇನ್ನಷ್ಟು ಹಿಂದೆ ಸರಿಸಿ, ತುಸು ಕೆಳಕ್ಕೆ ವಾಲಿಸಿ. ಮುಖದ ಜೊತೆ ತಾಟೂ ಕಾಣಬೇಕು. “ಏ, ಅಷ್ಟ ಅನ್ನ ಹಾಕ್ಕೊಂಡೀಯಲ್ಲ, ಇನ್ನೊಂದು ಸೌಟು ಹಾಕ್ಕೋ” ಎಂದು ಅವ್ವ ಅಲ್ಲಿಂದಲೇ ಹೇಳುತ್ತಾಳೆ. ಅವಳ ತಾಟಿನಲ್ಲಿ ಬರೀ ರೊಟ್ಟಿ–ಹಿಂಡಿ ಇದ್ದರೆ ಅದು ನಿಮಗೂ ಕಾಣುತ್ತದೆ.